ನಟ್ಟಕ್ಕ ಬಿಗಿ ಮಾಡದೆ ಬಿಟ್ಟ ಚಕ್ರ

ಟೈರ್ ಅಂಗಡಿಯ ನಟ್ಟಕ್ಕನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು, ಒಳ್ಳೆಯ ಹೆಸರೇ ಇತ್ತು. ಈಗ ಅದು ಅವಳ ಗುರುತಿನ ಚೀಟಿಗೆ ಬಿಟ್ಟರೆ ಇನ್ನಾರಿಗೂ ನೆನಪಿಲ್ಲ. ಬೀದಿಯವರಿಗೆ, ಗಿರಾಕಿಗಳಿಗೆ, ಎದುರುಗಡೆ ಕ್ಷೌರದಂಗಡಿಯವನಿಗೆ, ಸಿಟ್ಟು ಬಂದಾಗ ಸ್ವಂತ ಅಣ್ಣನಿಗೂ ಅವಳು ನಟ್ಟಕ್ಕ. ಹಾಗೆ ಕರೆಯುವವರಲ್ಲಿ ಅವಳಿಗಿಂತ ವಯಸ್ಸಾದವರೂ ಇದ್ದರು. ಏನು ಮಾಡುವುದು, ಚಕ್ರದ ಮುಂದೆ ಮಂಡಿಯೂರಿ ಕೂತ ಆ ಮುಖ ನೋಡಿದರೆ ಎಂಥವರಿಗೂ ಅಕ್ಕಾ ಎಂದೇ ಬಾಯಿಗೆ ಬರುತ್ತಿತ್ತು.

ಅವಳ ಕೈಯಲ್ಲಿ ಬಿಗಿಯಾದದ್ದು ಬಿಗಿಯಾದದ್ದೇ. ಅಂಗಡಿಯಲ್ಲಿ ಅದು ಗುಣ, ಮನೆಯಲ್ಲಿ ಪೀಡೆ. ಅವಳು ಮುಚ್ಚಿಟ್ಟ ಸಕ್ಕರೆ ಡಬ್ಬಿಯನ್ನು ತೆಗೆಯಲು ಅತ್ತಿಗೆ ಪ್ರಯತ್ನಿಸಿ, ಅಣ್ಣ ಪ್ರಯತ್ನಿಸಿ, ಕೊನೆಗೆ ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿ, ಸಂದಿಯ ಬಣ್ಣ ಕಿತ್ತುಬಂದರೂ ಡಬ್ಬಿ ಜಗ್ಗುತ್ತಿರಲಿಲ್ಲ. ನಲ್ಲಿ ಮುಚ್ಚಿದರೆ ವಾಷರ್ ಸತ್ತೇ ಹೋಗುತ್ತಿತ್ತು. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೂ ಬಂದು, "ತಡಿ, ಒಂದ್ಸಲ ಎಳೆದು ನೋಡಿ ಬರ್ತೀನಿ" ಎಂದು ವಾಪಸ್ಸು ಓಡುವುದು ಅವಳ ದಿನಚರಿ. ಅತ್ತಿಗೆ ತಿರುವಿನಲ್ಲೇ ಸ್ಕೂಟರ್ ನಿಲ್ಲಿಸಿಕೊಂಡು ಬಯ್ಯುತ್ತಾ ಕಾಯುವುದು ಅವಳ ದಿನಚರಿ.

ಒಮ್ಮೆ ರೈಲು ಹಿಡಿಯಲು ಹೊರಟಿದ್ದ ಒಬ್ಬ ಗಿರಾಕಿ ಕೂಗಾಡಿಬಿಟ್ಟ. ಚಕ್ರ ಹಾಕಿ ಆಗಿದೆಯಲ್ಲ, ಮತ್ತೆ ಮತ್ತೆ ಏನು ನೋಡ್ತೀರಿ, ಕೀಲಿ ಕೊಡಿ ಎಂದ. ನಟ್ಟಕ್ಕ ಕೀಲಿಯನ್ನು ಜೇಬಿಗೆ ಹಾಕಿಕೊಂಡಳು.

"ರೈಲು ಹೋದ್ರೆ ಇನ್ನೊಂದು ಬರುತ್ತೆ ಸ್ವಾಮಿ. ಚಕ್ರ ಹೋದ್ರೆ ನೀವು ಬರಲ್ಲ. ಸುಮ್ನೆ ಕೂತ್ಕೊಳ್ಳಿ."

ಆತ ಹೋಗಿ ಹಳೇ ಟೈರಿನ ಮೇಲೆ ಕೂತ. ಇಂಥವಳು ನಮ್ಮ ನಟ್ಟಕ್ಕ. ಇವಳ ಕೈಯಿಂದ ಒಂದು ಚಕ್ರ ಬಿಗಿಯಾಗದೆ ಬೀದಿಗಿಳಿಯಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಇಳಿಯಿತು. ಅದೇ ಕಥೆ.

ಆ ಅಂಗಡಿಯನ್ನು ಶುರು ಮಾಡಿದ್ದು ಅವರಪ್ಪ. ಅಪ್ಪ ಹೋದ ಮೇಲೆ ಅಣ್ಣ ತಂಗಿ ಇಬ್ಬರೂ ಕೂಡಿ ನಡೆಸುತ್ತಿದ್ದರು. ಅತ್ತಿಗೆ ಗಿರಾಕಿಗಳನ್ನು ಮಾತಾಡಿಸುವುದು, ಟ್ಯೂಬಿಗೆ ತೇಪೆ ಹಾಕುವುದು, ಇಬ್ಬರನ್ನೂ ಗದರುವುದು ನೋಡಿಕೊಳ್ಳುತ್ತಿದ್ದಳು. ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ ಒಂದಿತ್ತು: ಬಿಗಿ ಮಾಡಿದ ಕೈ ಬೇರೆ, ನೋಡುವ ಕೈ ಬೇರೆ. ನಟ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಜಾಕ್ ಇಳಿಸಿ, ಚಕ್ರ ನೆಲಕ್ಕೆ ಕಚ್ಚಿಕೊಂಡ ಮೇಲೆ, ಟಾರ್ಕ್ ಪಾನ, ಅಂದರೆ ಬಿಗಿ ಅಳೆಯುವ ಸ್ಪ್ಯಾನರ್, ಹಿಡಿದು ಬಿಗಿ ಮಾಡಬೇಕು. ತೋಳುದ್ದದ ಪಾನ ಅದು. ಬೇಕಾದಷ್ಟು ಬಿಗಿಯಾದೊಡನೆ ತಾನೇ 'ಟಕ್' ಎನ್ನುತ್ತದೆ. ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದು. ಸುತ್ತು ಹೊಡೆಯುತ್ತಾ ಹೋದರೆ ಚಕ್ರ ಓರೆಯಾಗಿ ಕೂರುತ್ತದೆ. ನಟ್ಟಕ್ಕ ಎಲ್ಲವನ್ನೂ ಟಕ್ ಅನ್ನಿಸಿ ಎದ್ದ ಮೇಲೆ ಅಣ್ಣ ಬಂದು ಅದೇ ಪಾನದಿಂದ ಎಲ್ಲವನ್ನೂ ಇನ್ನೊಮ್ಮೆ ಟಕ್ ಅನ್ನಿಸುತ್ತಿದ್ದ. ಆಮೇಲೆಯೇ ಕೀಲಿ.

ಅಷ್ಟಕ್ಕೂ ಮುಗಿಯುತ್ತಿರಲಿಲ್ಲ. "ನೂರು ಕಿಲೋಮೀಟರ್ ಓಡ್ಸಿ ಒಂದ್ಸಲ ಬನ್ನಿ, ಮತ್ತೆ ನೋಡ್ಬೇಕು. ಹೊಸದಾಗಿ ಕೂತ ಚಕ್ರ ಸ್ವಲ್ಪ ಸಡಿಲ ಬಿಡುತ್ತೆ" ಎಂದು ನಟ್ಟಕ್ಕ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ಪ್ರತಿಯೊಬ್ಬರೂ "ಖಂಡಿತ ಬರ್ತೀವಿ" ಎಂದು ಹೋಗುತ್ತಿದ್ದರು. ಬರುತ್ತಿದ್ದವರು ಯಾರು? ಯಾರೂ ಇಲ್ಲ. ಅವಳು ಬೀದಿಯಲ್ಲಿ ಹೋಗುವ ಗಾಡಿಗಳ ಚಕ್ರಗಳನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಹೀಗಿರುವಾಗ ಒಬ್ಬರು ನಿಜಕ್ಕೂ ವಾಪಸ್ಸು ಬಂದರು. ಡ್ರೈವಿಂಗ್ ಶಾಲೆಯ ಮೇಷ್ಟ್ರು. ಉದ್ದಕ್ಕೆ, ಸಣ್ಣಕ್ಕೆ ಇದ್ದ ಮನುಷ್ಯ. ಬಾಗಿ ಬಾಗಿ ಆ ಪುಟ್ಟ ಕಾರಿನೊಳಗೆ ಕೂತೂ ಕೂತೂ ಬೆನ್ನಿನಲ್ಲಿ ಒಂದು ಬಾಗು ಕಾಯಂ ಆಗಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. "ನೂರು ಕಿಲೋಮೀಟರ್ ಆಯ್ತು, ನೋಡ್ತೀರಾ?" ಎಂದು ಅವರು ಕೇಳಿದಾಗ ನಟ್ಟಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಒಂದು ನಟ್ಟು ಕೂದಲೆಳೆಯಷ್ಟು ಸಡಿಲವಾಗಿತ್ತು. "ನೋಡಿದ್ರಾ! ನಾನು ಹೇಳ್ಲಿಲ್ವಾ!" ಎಂದು ಅವಳು ಹಿಗ್ಗಿದ್ದನ್ನು ನೋಡಿ ಮೇಷ್ಟ್ರೂ ಹಿಗ್ಗಿದರು.

ಆಮೇಲೆ ನೂರಾಗದಿದ್ದರೂ ಬಂದರು. ಎಡಗಡೆ ಏನೋ ಸದ್ದು ಎಂದು ಬಂದರು, ಸದ್ದು ಇರಲಿಲ್ಲ. ಗಾಳಿ ಕಮ್ಮಿ ಎಂದು ಬಂದರು. ಗಾಳಿ ಸರಿಯಾಗಿಯೇ ಇತ್ತು. ಕೊನೆಗೆ ಸದ್ದೇ ಇಲ್ಲವಲ್ಲ, ಅದೇ ಅನುಮಾನ ಎಂದೂ ಒಂದು ದಿನ ಬಂದರು. ಆವತ್ತು ಅವರು ಹೋದ ಮೇಲೆ ಅತ್ತಿಗೆ ತೇಪೆ ಹಾಕುತ್ತಿದ್ದ ಟ್ಯೂಬನ್ನು ಕೆಳಗಿಟ್ಟಳು.

"ಆ ಗಾಡಿಗೆ ಕಾಯಿಲೆ ಇಲ್ಲ ಕಣೇ. ಗಾಡಿಯವರಿಗಿದೆ."

"ಸುಮ್ನಿರಿ ಅತ್ತಿಗೆ, ಏನೇನೋ ಮಾತಾಡ್ಬೇಡಿ."

"ನಾನು ಸುಮ್ನಿರ್ತೀನಪ್ಪ. ಆದ್ರೆ ಅವರು ಬರೋ ಹೊತ್ತಿಗೆ ಸರಿಯಾಗಿ ಗಿರಾಕಿ ಕಾರಿನ ಕನ್ನಡೀಲಿ ತಲೆ ಬಾಚ್ಕೊಳ್ಳೋರು ಯಾರು? ನಾನಾ?"

ನಟ್ಟಕ್ಕ ಕಿವಿವರೆಗೂ ಕೆಂಪಾಗಿ ಕಂಪ್ರೆಸರ್ ಹಿಂದೆ ಹೋಗಿ ನಿಂತಳು. ನಲವತ್ತು ದಾಟಿದ ಹೆಂಗಸು! ಮದುವೆ ಬೇಡ ಎಂದು ಅವಳೇನೂ ಪಣ ತೊಟ್ಟವಳಲ್ಲ. ಅಮ್ಮ ಹಾಸಿಗೆ ಹಿಡಿದಾಗ ಒಂದಷ್ಟು ವರ್ಷ ಹೋಯಿತು, ಅಪ್ಪನ ಕೈ ನಡುಗತೊಡಗಿದಾಗ ಪಾನ ಹಿಡಿದದ್ದರಲ್ಲಿ ಇನ್ನೊಂದಷ್ಟು ಹೋಯಿತು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಆ ಮಾತೆತ್ತಲಿಲ್ಲ. ಈಗ ಈ ಮೇಷ್ಟ್ರು ಬಂದು ಇಲ್ಲದ ಸದ್ದನ್ನು ಕೇಳಿಸಿಕೊಳ್ಳತೊಡಗಿದ ಮೇಲೆ, ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಹಲ್ಲುಜ್ಜುವಾಗ ನಗು ಬಂದು ನೊರೆಯೆಲ್ಲ ಗಂಟಲಿಗೆ ಹೋದದ್ದೂ ಉಂಟು.

ಆ ದಿನ ಮಧ್ಯಾಹ್ನ ಮೇಷ್ಟ್ರ ಕಾರು ಬಂದಾಗ ಮುಂದಿನ ಎಡಚಕ್ರಕ್ಕೆ ನಿಜವಾಗಿಯೇ ಮೊಳೆ ಚುಚ್ಚಿತ್ತು. ಹೊರಗೆ, ನೆರಳಿನಲ್ಲಿ, ಅವರ ವಿದ್ಯಾರ್ಥಿನಿ ಹಲ್ಲಿನ ಡಾಕ್ಟರಮ್ಮ ಫೋನು ನೋಡುತ್ತಾ ಕೂತಿದ್ದರು. ಊರಿನ ಅರ್ಧ ಜನರ ಹಲ್ಲು ಕಿತ್ತ ಗಟ್ಟಿಗಿತ್ತಿ, ಸ್ಟೀರಿಂಗ್ ಹಿಡಿದರೆ ಮಾತ್ರ ಅವರದೇ ಹಲ್ಲು ಕಟಕಟ ಎನ್ನುತ್ತಿತ್ತು. ಎರಡನೇ ಗೇರು ದಾಟಿದವರಲ್ಲ. ಬಲಕ್ಕೆ ತಿರುಗಿದವರಲ್ಲ. ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದರು.

"ಇವತ್ತು ಸೇತುವೆ ದಾಟಿಸ್ತೀನಿ ಇವರನ್ನ" ಎಂದರು ಮೇಷ್ಟ್ರು. ಹಾಗೆಂದು ನಕ್ಕರಾದರೂ ಮುಖದಲ್ಲಿ ಬೆವರಿತ್ತು.

ನಟ್ಟಕ್ಕ ಮೊಳೆ ಕಿತ್ತಳು, ರಂಧ್ರ ಮುಚ್ಚಿದಳು, ಚಕ್ರವನ್ನು ಅಚ್ಚಿನ ತುದಿಯ ಹಬ್‌ಗೆ ಏರಿಸಿದಳು. ಐದೂ ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದಳು. ಜಾಕ್ ಇಳಿಸಿದಳು. ಟಾರ್ಕ್ ಪಾನ ಆ ಕಡೆ ಅಣ್ಣನ ಹತ್ತಿರ ಇತ್ತು. "ಅಣ್ಣಾ, ಪಾನ ತಗೊಂಡ್ಬಾ" ಎಂದು ಕೂಗಿ ಎದ್ದು ನಿಂತಳು. ಎದುರಿಗೇ ಮೇಷ್ಟ್ರು.

"ಒಂದು ಮಾತಿತ್ತು. ಸ್ವಲ್ಪ ಈ ಕಡೆ ಬರ್ತೀರಾ?"

ಕಂಪ್ರೆಸರ್ ಪಕ್ಕದ ಮೂಲೆಗೆ ಇಬ್ಬರೂ ಹೋದರು. ಆಗ ಸರಿಯಾಗಿ ಅಣ್ಣ ಪಾನ ಹಿಡಿದು ಬಂದ. ತಂಗಿ ನಿಂತ ಭಂಗಿ ನೋಡಿದ, ಮೇಷ್ಟ್ರು ಕರವಸ್ತ್ರ ಹಿಂಡುತ್ತಿರುವುದನ್ನು ನೋಡಿದ. ಇನ್ನೇನು ಕಾರಿನ ಬಳಿ ಮಂಡಿ ಊರಬೇಕು, ಅಷ್ಟರಲ್ಲಿ ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದರು. ಅತ್ತಿಗೆ!

"ಬುದ್ಧಿ ಇದ್ಯಾ ನಿಮ್ಗೆ? ಅಲ್ಲಿ ಇಷ್ಟು ವರ್ಷಕ್ಕೆ ಒಂದು ಮಾತು ಹೊರಡ್ತಾ ಇದೆ, ಇಲ್ಲಿ ನೀವು ಟಕ್ ಟಕ್ ಅಂತ ಶುರು ಹಚ್ಕೋತೀರಾ? ಬನ್ನಿ ಈ ಕಡೆ."

"ಅಲ್ಲ ಕಣೇ, ನಟ್ಟು…"

"ಅವಳು ಬಿಗಿ ಮಾಡದೆ ಬಿಟ್ಟಿರ್ತಾಳಾ? ನಿಮ್ ತಂಗಿ ಬುದ್ಧಿ ನಿಮ್ಗೆ ಗೊತ್ತಿಲ್ವಾ? ಒಂದ್ಸಲ ನೀವು ನೋಡ್ದಿದ್ರೆ ಪ್ರಳಯ ಆಗಲ್ಲ."

ಅದೂ ನಿಜವೆನ್ನಿಸಿತು ಅವನಿಗೆ. ಕೈಗೆ ಸಿಕ್ಕ ಬೇರೆ ಪಾನದಿಂದ ಬಿಗಿ ಮಾಡಿ, ಇದನ್ನು ನೋಡುವುದಕ್ಕಷ್ಟೇ ಕೇಳಿರಬೇಕು ಎಂದುಕೊಂಡ. ಗಂಡ ಹೆಂಡತಿ ಇಬ್ಬರೂ ಟೈರ್ ಪೇರಿಸಿದ ರಾಶಿಯ ಹಿಂದೆ ಕಳ್ಳರಂತೆ ಕುಕ್ಕರುಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಮೈಯೆಲ್ಲ ಕಿವಿಯಾದರು.

ಇತ್ತ ಮೂಲೆಯಲ್ಲಿ ಮೇಷ್ಟ್ರು ಮೂರು ಸಲ ಕೆಮ್ಮಿದರು.

"ದಿನಾ ಊರವರಿಗೆಲ್ಲ ಯಾವಾಗ ಹೊರಡ್ಬೇಕು, ಯಾವಾಗ ನಿಲ್ಬೇಕು ಅಂತ ಹೇಳ್ಕೊಡ್ತೀನಿ. ನನ್ನ ವಿಷಯಕ್ಕೆ ಬಂದ್ರೆ ಗೇರೇ ಬೀಳಲ್ಲ. ಆದ್ರೂ ಕೇಳ್ಬಿಡ್ತೀನಿ. ನನ್ನನ್ನ ಮದುವೆ ಆಗ್ತೀರಾ?"

ನಟ್ಟಕ್ಕನಿಗೆ ತನ್ನ ಎದೆ ಹೊಡೆದುಕೊಳ್ಳುವ ಸದ್ದು ಕಂಪ್ರೆಸರಿಗಿಂತ ಜೋರಾಗಿದೆ, ಅವರಿಗೂ ಕೇಳುತ್ತಿದೆ ಎನ್ನಿಸಿತು. ಹೂಂ ಅನ್ನಬೇಕು, ಅಷ್ಟೇ. ಒಂದೇ ಅಕ್ಷರ. ಬದಲಿಗೆ ಹೊರಬಿದ್ದ ಮಾತು ಬೇರೆಯೇ.

"ಗಾಳಿ… ಗಾಳಿ ಸಾಕಾ?"

ಮೇಷ್ಟ್ರು ಒಂದು ಕ್ಷಣ ಪಿಳಿಪಿಳಿ ನೋಡಿದರು. ಆಮೇಲೆ, "ಸಾಕು, ಬೇಕಾದಷ್ಟಿದೆ" ಎಂದರು. "ಈಗಲೇ ಹೇಳ್ಬೇಕು ಅಂತೇನಿಲ್ಲ. ಡಾಕ್ಟರಮ್ಮನ ಪಾಠ ಮುಗಿಸ್ಕೊಂಡು ಬರ್ತೀನಿ. ಯೋಚ್ನೆ ಮಾಡಿರಿ." ಹಾಗೆಂದವರೇ, ಬಾಗು ಎಲ್ಲಿ ಹೋಯಿತೋ, ನೆಟ್ಟಗೆ ನಡೆದು ಹೋಗಿ ಕಾರು ಹತ್ತಿದರು. ಡಾಕ್ಟರಮ್ಮ ಸ್ಟೀರಿಂಗ್ ಹಿಡಿದು ಕೂತರು. ಕಾರು ಎರಡು ಸಲ ಬಿಕ್ಕಳಿಸಿ ಹೊರಟಿತು.

ಅದು ತಿರುವು ದಾಟಿದ್ದೇ ತಡ, ಟೈರ್ ರಾಶಿ ಕುಸಿಯಿತು. ಅದರ ಹಿಂದಿನಿಂದ ಅತ್ತಿಗೆ ಎದ್ದು ಬಂದು ನಾದಿನಿಯನ್ನು ಬಾಚಿ ತಬ್ಬಿಕೊಂಡು ಗಿರಗಿರ ತಿರುಗಿಸಿದಳು. ಉರುಳಿದ ಟೈರುಗಳು ಬೀದಿಗೆ ಓಡಿದವು, ಅವನ್ನು ಹಿಡಿಯಲು ಅಣ್ಣ ಓಡಿದ, ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬಂದು ನಿಂತ.

"ಗಾಳಿ ಸಾಕಾ ಅಂತೆ! ಅಯ್ಯೋ ನಿನ್ನ! ಮನುಷ್ಯ ಮದುವೆ ಆಗ್ತೀಯಾ ಅಂತ ಕೇಳಿದ್ರೆ ಗಾಳಿ ಸಾಕಾ ಅಂತಾರಾ ಯಾರಾದ್ರೂ?"

"ನಂಗೇನು ಗೊತ್ತು ಅತ್ತಿಗೆ, ಇದಕ್ಕೆ ಮುಂಚೆ ಯಾರಾದ್ರೂ ಕೇಳಿದ್ರಾ?" ಎಂದಳು ನಟ್ಟಕ್ಕ. ಇಬ್ಬರೂ ಬಿದ್ದೂ ಬಿದ್ದೂ ನಕ್ಕರು. ಅಣ್ಣ ಎರಡೂ ತೋಳಿಗೆ ಒಂದೊಂದು ಟೈರು ಏರಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ಬಿಟ್ಟುಕೊಂಡು ಬಂದ.

"ಸಂಜೆ ಬಂದ್ರೆ ಹೂಂ ಅಂತೀಯಾ ತಾನೇ?"

"ಹೂಂ" ಎಂದಳು ನಟ್ಟಕ್ಕ. ನೋಡಿ, ಈಗ ಎಷ್ಟು ಸಲೀಸಾಗಿ ಬಂತು!

"ಒಳ್ಳೇದಾಯ್ತು ಬಿಡು. ನಾನು ಪಾನ ತಗೊಂಡು ಬಂದೆ, ಇವಳು ಎಳ್ಕೊಂಡು ಹೋದ್ಲು. ಹೆಂಗೂ ನೀನು ಬಿಗಿ ಮಾಡಿದ್ಯಲ್ಲ ಅಂತ ನಾನೂ ಸುಮ್ನಾದೆ."

ನಟ್ಟಕ್ಕನ ನಗು ಅರ್ಧಕ್ಕೇ ನಿಂತಿತು.

"ನಾನಾ? ಪಾನ ನಿನ್ನ ಹತ್ರ ಇತ್ತಲ್ಲೋ ಅಣ್ಣ! ನಾವು ಮಾತಾಡ್ತಿರೋವಾಗ ನೀನು ಬಿಗಿ ಮಾಡಿದೆ ಅಂದ್ಕೊಂಡೆ."

"ನಾನು ಮುಟ್ಟೇ ಇಲ್ಲ!"

"ನಾನು ಬರೀ ಬೆರಳಲ್ಲಿ ತಿರುಗಿಸಿದ್ದು!"

ಅಣ್ಣನ ತೋಳಿನಿಂದ ಟೈರುಗಳು ತಾವಾಗಿಯೇ ಜಾರಿದವು. ಆ ಚಕ್ರ ಬೆರಳಿನ ಬಿಗಿಯಲ್ಲಿ ಹೊರಟು ಹೋಗಿತ್ತು. ಅದೂ ಸೇತುವೆಯ ಕಡೆಗೆ, ಲಾರಿಗಳ ನಡುವೆ, ಮೇಷ್ಟ್ರನ್ನು ಅದೇ ಎಡಚಕ್ರದ ಮೇಲೆ ಕೂರಿಸಿಕೊಂಡು.

ಅಣ್ಣ ಫೋನು ಮಾಡಿದ. ಪಾಠದ ಹೊತ್ತಿನಲ್ಲಿ ಮೇಷ್ಟ್ರು ಫೋನನ್ನು ಆರಿಸಿಬಿಡುತ್ತಿದ್ದರು, ಅದು ಅವರ ಶಿಸ್ತು. ಡಾಕ್ಟರಮ್ಮನ ನಂಬರು ಯಾರ ಬಳಿಯೂ ಇರಲಿಲ್ಲ. ಅಂಗಡಿಯ ವ್ಯಾನು ನಾಲ್ಕೂ ಚಕ್ರ ಬಿಚ್ಚಿಸಿಕೊಂಡು ಕಲ್ಲುಗಳ ಮೇಲೆ ಕೂತಿತ್ತು. ಗಿರಾಕಿಗಳ ಗಾಡಿಯೆಲ್ಲ ಮುಗಿದ ಮೇಲೆ ತಾನೇ ಅದರ ಸರದಿ. ನಟ್ಟಕ್ಕನಿಗೆ ಕೈಕಾಲು ಆಡಲಿಲ್ಲ. ಆದರೆ ಅತ್ತಿಗೆಗೆ ಆಡಿದವು. ಅವಳು ಆಗಲೇ ಸ್ಕೂಟರ್ ಏರಿ ಒದೆಯುತ್ತಿದ್ದಳು.

"ಪಾನ ತಗೊಂಡು ಹಿಂದೆ ಕೂತ್ಕೊಳ್ಳೇ! ಅಳೋದು ಆಮೇಲೆ!"

ಅತ್ತಿಗೆಯ ಸ್ಕೂಟರ್ ಸವಾರಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳ ಹಿಂದೆ ಒಮ್ಮೆ ಕೂತವರು ಎರಡನೇ ಸಲ ನಡೆದುಕೊಂಡೇ ಬರುತ್ತೇವೆ ಎನ್ನುತ್ತಿದ್ದರು. ಹಾರ್ನು ಕೆಟ್ಟು ಎಷ್ಟೋ ಕಾಲವಾಗಿತ್ತು. ಬಾಯಿದೆಯಲ್ಲ ಎಂದು ರಿಪೇರಿ ಮಾಡಿಸಿರಲಿಲ್ಲ. ಈಗ ಆ ಬಾಯಿ ಬೀದಿಯನ್ನು ಇಬ್ಭಾಗ ಮಾಡುತ್ತಾ ಹೊರಟಿತು. "ಸರೀರೀ! ಏಯ್ ಛತ್ರಿ, ಪಕ್ಕಕ್ಕೆ! ಅಜ್ಜೀ, ಅಲ್ಲೇ ನಿಲ್ಲಿ, ಅಲ್ಲಾಡ್ಬೇಡಿ, ಹಾಂ, ಹಾಗೇ!" ಹಿಂದೆ ನಟ್ಟಕ್ಕ ಪಾನವನ್ನು ಹೆಗಲಿಗೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ಅತ್ತಿಗೆಯ ಸೊಂಟ ಹಿಡಿದು, ಕಂಡ ಕಂಡ ಎಡಚಕ್ರಗಳನ್ನೆಲ್ಲ ನೋಡುತ್ತಾ ಕೂತಿದ್ದಳು. ಪುಸ್ತಕದಂಗಡಿ ಹೋಯಿತು, ಅಂಚೆ ಕಚೇರಿ ಹೋಯಿತು. ಮನಸ್ಸಿನಲ್ಲಿ ಒಂದೇ ಒಂದು ಮಾತು ತಿರುಗುತ್ತಿತ್ತು. ಹೂಂ ಎಂದಿದ್ದರೆ? ಆಗಲೇ ಹೂಂ ಎಂದಿದ್ದರೆ ಅವರು ಇನ್ನೊಂದು ಗಳಿಗೆ ನಿಲ್ಲುತ್ತಿದ್ದರು, ಅಷ್ಟರಲ್ಲಿ ನಟ್ಟಿನ ನೆನಪಾಗುತ್ತಿತ್ತು. ಈಗ ಹೂಂ ಎನ್ನಲು ಅವರೇ ಇಲ್ಲದೆ ಹೋದರೆ?

"ಡಾಕ್ಟರಮ್ಮ ಓಡ್ಸೋದು ಕಣೇ, ಹೆದರ್ಬೇಡ" ಎಂದು ಅತ್ತಿಗೆ ಮುಂದಿನಿಂದ ಕೂಗಿದಳು. "ಅವರ ಸ್ಪೀಡಿಗೆ ಚಕ್ರ ಬಿದ್ದು ಹೋದ್ರೂ ಗಾಡಿಗೆ ಗೊತ್ತಾಗಲ್ಲ!"

ಸೇತುವೆಯ ಬುಡದಲ್ಲಿ ಅವರು ಕಂಡರು. ತಲೆಯ ಮೇಲೆ 'ಕಲಿಯುತ್ತಿದ್ದಾರೆ, ದೂರವಿರಿ' ಎಂಬ ಹಲಗೆ ಹೊತ್ತ ಪುಟ್ಟ ಕಾರು ಎರಡನೇ ಗೇರಿನಲ್ಲಿ ತೆವಳುತ್ತಿತ್ತು. ಮುಂದಿನ ಎಡಚಕ್ರ ಕುಡಿದವನ ತಲೆಯಂತೆ ಆ ಕಡೆ ಈ ಕಡೆ ಓಲಾಡುತ್ತಿತ್ತು. ನಟ್ಟಕ್ಕ ಪಾನವನ್ನು ಎತ್ತಿ ಗಾಳಿಯಲ್ಲಿ ಬೀಸುತ್ತಾ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕಿರುಚಿದಳು.

"ನಿಲ್ಸೀ! ಗಾಡಿ ನಿಲ್ಸೀ!"

ನಿಲ್ಲಬೇಕಿದ್ದ ಕಾರು ಏನು ಮಾಡಿತು ಅಂತೀರಿ? ಚಂಗನೆ ನೆಗೆಯಿತು! ಹುಟ್ಟಿದಾಗಿನಿಂದ ಎರಡನೇ ಗೇರು ದಾಟದಿದ್ದ ಡಾಕ್ಟರಮ್ಮ ಮೂರಕ್ಕೆ ಹಾಕಿ, ಒಂದು ತರಕಾರಿ ಲಾರಿಯನ್ನು ಹಿಂದಿಕ್ಕಿ, ಸೇತುವೆ ಏರಿಬಿಟ್ಟರು. ಹಿಂದಿನ ಗಾಜಿನಲ್ಲಿ ಮೇಷ್ಟ್ರ ಕೈ ಮೇಲೆದ್ದು ಭಲೇ ಎನ್ನುವಂತೆ ಆಡುವುದು ಕಾಣುತ್ತಿತ್ತು.

"ಅಯ್ಯೋ ಇವರ ಮನೆ ಕಾಯ್ವಾಗ! ಇವತ್ತೇ ಕಲೀಬೇಕಾ ಇವರು?" ಎಂದು ಅತ್ತಿಗೆ ಕಿವಿ ತಿರುಪಿದಳು, ಅಂದರೆ ಸ್ಕೂಟರಿನ ಕಿವಿ. ಸ್ಕೂಟರ್ ಹುಯ್ಯಲಿಟ್ಟಿತು. ತರಕಾರಿ ಲಾರಿಯವನು ಬಾಯಿ ತೆರೆದುಕೊಂಡು ನೋಡುತ್ತಿದ್ದಂತೆ ಅದರ ಪಕ್ಕದ ಸಂದಿಯಲ್ಲಿ ನುಗ್ಗಿ, ಸೇತುವೆಯ ನಡುಮಧ್ಯದಲ್ಲಿ ಕಾರಿನ ಎಡಗಡೆಗೆ ಬಂದು ಸೇರಿತು. ಕಿಟಕಿಯಲ್ಲಿ ಮೇಷ್ಟ್ರ ಮುಖ ಕಂಡಿತು. ನಟ್ಟಕ್ಕನನ್ನು ಕಂಡದ್ದೇ ಆ ಮುಖ ಅರಳಿತು. ಉತ್ತರ ಹೇಳಲು ಇಷ್ಟು ದೂರ ಅಟ್ಟಿಸಿಕೊಂಡು ಬಂದಿದ್ದಾಳೆ ಎಂದುಕೊಂಡರೋ ಏನೋ, ಗಾಜು ಇಳಿಸಿ, "ಹೇಳಿ!" ಎಂದರು.

"ಬ್ರೇಕ್ ಒತ್ರೀ ಮಹಾರಾಯ್ರೇ! ಚಕ್ರ ಬಿಗಿ ಮಾಡಿಲ್ಲ!"

ಕಲಿಸುವವರ ಕಾಲಬಳಿಯೂ ಒಂದು ಬ್ರೇಕ್ ಇರುತ್ತದೆ, ಪುಣ್ಯಕ್ಕೆ. ಮೇಷ್ಟ್ರು ಅದನ್ನು ಮೆಲ್ಲಗೆ ಒತ್ತುತ್ತಾ ಹೋದರು. ಕಾರು ಕಟಕಟ ಎಂದು ಗೋಳಾಡುತ್ತಾ ನಿಂತಿತು. ನಟ್ಟಕ್ಕ ಸ್ಕೂಟರ್ ನಿಲ್ಲುವ ಮುಂಚೆಯೇ ಹಾರಿ ಚಕ್ರದ ಮುಂದೆ ಬಿದ್ದಳು. ನಟ್ಟುಗಳೆಲ್ಲ ತುದಿಗೆ ಬಂದಿದ್ದವು. ಒಂದಂತೂ ಮುಟ್ಟಿದೊಡನೆ ಅವಳ ಅಂಗೈಗೇ ಬಂತು. ಅದನ್ನು ಹಿಡಿದು ನೋಡಿದಳು, ಬಿಸಿಯಾಗಿತ್ತು. ಹಿಂದೆ ಲಾರಿಗಳೂ ಬಸ್ಸುಗಳೂ ಸಾಲುಗಟ್ಟಿ ಹಾರ್ನು ಬಡಿಯತೊಡಗಿದವು. ಅತ್ತಿಗೆ ರಸ್ತೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು ಅಷ್ಟೂ ಹಾರ್ನುಗಳಿಗೆ ಒಬ್ಬಳೇ ಉತ್ತರ ಕೊಡುತ್ತಿದ್ದಳು.

ನಟ್ಟಕ್ಕ ಕಾರಿನ ಡಿಕ್ಕಿಯಲ್ಲಿದ್ದ ಜಾಕ್ ಇಟ್ಟು ಚಕ್ರ ಎತ್ತಿ, ನೆಟ್ಟಗೆ ಕೂರಿಸಿ, ಇಳಿಸಿ, ಬಿಗಿ ಮಾಡಿದಳು. ಒಂದು, ಅದರೆದುರಿನದು, ಮತ್ತೊಂದು, ಅದರೆದುರಿನದು. ಟಕ್. ಟಕ್. ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆಮೇಲೆ ಪಾನವನ್ನು ಅತ್ತಿಗೆಗೆ ಕೊಟ್ಟಳು. ಅತ್ತಿಗೆ ಇಡೀ ಮೈಭಾರ ಬಿಟ್ಟು ಎಲ್ಲವನ್ನೂ ಇನ್ನೊಮ್ಮೆ ನೋಡಿದಳು. ಎಲ್ಲ ಸರಿಯಾಗಿತ್ತು.

ಅದಾದ ಮೇಲೆಯೇ ನಟ್ಟಕ್ಕ ಕಾರಿಗೆ ಒರಗಿ ನೆಲದ ಮೇಲೆ ಕೂತಳು. ಮೇಷ್ಟ್ರು ಬಂದು ಅವಳ ಪಕ್ಕದಲ್ಲಿ ಕೂತರು.

"ನನ್ನ ಉತ್ತರ ಕೇಳ್ಕೊಂಡು ಬಿಡಿ ಮೇಷ್ಟ್ರೇ" ಎಂದಳು. "ಬೇಡ. ಈ ಮದುವೆ ಬೇಡ. ನೀವು ಒಂದೇ ಒಂದು ಮಾತು ಕೇಳಿದ್ರಿ, ಅಷ್ಟಕ್ಕೇ ನಾನು ಚಕ್ರ ಮರೆತೆ. ಜೀವಮಾನದಲ್ಲಿ ಒಂದು ನಟ್ಟು ಮರೆತವಳಲ್ಲ ನಾನು. ಇವತ್ತು ನಿಮ್ಮನ್ನ ಕೊಂದೇ ಬಿಡ್ತಿದ್ದೆ. ನಿಮ್ಮನ್ನ ಕಂಡ್ರೆ ನನ್ನ ತಲೆ ನೆಟ್ಟಗಿರಲ್ಲ ಅಂದ್ಮೇಲೆ, ನಾನು ದೂರ ಇರೋದೇ ನಿಮಗೆ ಕ್ಷೇಮ."

ಮೇಷ್ಟ್ರ ಬಾಗು ಮತ್ತೆ ಬೆನ್ನಿಗೆ ಬಂದು ಕೂತಿತು. ಅಷ್ಟರಲ್ಲಿ ಇಷ್ಟು ಹೊತ್ತೂ ಸ್ಟೀರಿಂಗಿಗೆ ಅಂಟಿಕೊಂಡಿದ್ದ ಡಾಕ್ಟರಮ್ಮ ಬಾಗಿಲು ತೆಗೆದು ಇಳಿದು ಬಂದರು. ಮುಖ ಕೆಂಡದಂತಾಗಿತ್ತು.

"ಮೊದ್ಲು ನನಗೆ ಹೇಳಿ, ಕಬ್ಬಿಣ ಎತ್ಕೊಂಡು ಅಟ್ಟಿಸ್ಕೊಂಡು ಬಂದ್ರೆ ಮನುಷ್ಯರು ಏನಂದ್ಕೋಬೇಕು? ಮೊನ್ನೆ ಒಬ್ಬರಿಗೆ ಹಲ್ಲು ಕೀಳೋವಾಗ ಪಕ್ಕದ ಹಲ್ಲೂ ಬಂದ್ಬಿಟ್ಟಿತ್ತು. ಅವರ ಕಡೆಯವರೇ ಬಂದ್ರು ಅಂದ್ಕೊಂಡೆ!" ಅತ್ತಿಗೆ ಫಕ್ಕನೆ ನಕ್ಕಳು. ಡಾಕ್ಟರಮ್ಮ ಮೇಷ್ಟ್ರ ಕಡೆ ತಿರುಗಿದರು. "ಅದಿರಲಿ. ಇವರೇನು ಸರಿ ಇದ್ರಾ ಇವತ್ತು? ಪಾಠದ ಮೊದಲನೇ ದಿನದಿಂದ ನನಗೆ ಪ್ರಾಣ ತಿಂದಿದ್ದಾರೆ. ಗಾಡಿ ಹತ್ತೋಕೆ ಮುಂಚೆ ಒಂದು ಸುತ್ತು ಬರ್ಬೇಕು, ಬಾಗಿ ಬಾಗಿ ಪ್ರತಿ ಚಕ್ರದ ನಟ್ಟೂ ಮುಟ್ಟಿ ನೋಡ್ಬೇಕು. ನಾನು ಒಂದು ದಿನ ಮರೆತಿದ್ದಕ್ಕೆ ಪಾಠಾನೇ ಇಲ್ಲ ಅಂತ ಮನೆಗೆ ಕಳಿಸಿದ್ರು. ಇವತ್ತು ಇವರು ಸುತ್ತು ಬಂದ್ರಾ? ಇಲ್ಲ! ಅಂಗಡಿಯಿಂದ ನಗ್ತಾ ನಗ್ತಾ ಬಂದ್ರು, ಮುಂದಿನ ಬಾಗಿಲು ಬಿಟ್ಟು ಹಿಂದಿನ ಸೀಟಲ್ಲಿ ಹೋಗಿ ಕೂತ್ರು. ನಾನೇ ಕರ್ದು ಮುಂದೆ ಕೂರಿಸಿದ್ದು. ಬೆಲ್ಟೂ ನಾನೇ ಹಾಕಿದ್ದು!"

ನಟ್ಟಕ್ಕ ಕಣ್ಣೊರೆಸಿಕೊಂಡು ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ತಲೆ ತಗ್ಗಿಸಿಕೊಂಡು ಬೂಟಿನ ದಾರ ಬಿಚ್ಚಿ ಕಟ್ಟುತ್ತಿದ್ದರು.

"ಹಿಂದಿನ ಸೀಟಲ್ಲಿ ಕೂತ್ರಾ?" ಎಂದು ಕೇಳಿದಳು.

"ಹೂಂ" ಎಂದರು ಮೇಷ್ಟ್ರು.

ನಟ್ಟಕ್ಕನಿಗೆ ಮೊದಲು ಬಿಕ್ಕಳಿಕೆ ಬಂತು, ಆಮೇಲೆ ನಗು ಬಂತು. ತಡೆದಷ್ಟೂ ಉಕ್ಕಿತು. ಪಕ್ಕೆ ಹಿಡಿದುಕೊಂಡು ನಕ್ಕಳು. ಮೇಷ್ಟ್ರಿಗೂ ಹತ್ತಿತು. ಡಾಕ್ಟರಮ್ಮ, ಅತ್ತಿಗೆ ಇಬ್ಬರೂ ನಕ್ಕರು. ಹಿಂದೆ ಬಂದು ನಿಂತಿದ್ದ ತರಕಾರಿ ಲಾರಿಯವನೂ ಏನೂ ಅರ್ಥವಾಗದೆ ನಕ್ಕ.

ವಾಪಸ್ಸು ಹೊರಟಾಗ ಕಾರು ಓಡಿಸಿದ್ದು ಡಾಕ್ಟರಮ್ಮನೇ. ಪಾಠ ಇನ್ನೂ ಬಾಕಿಯಿದೆ ಎಂದು ಅವರು ಸ್ಟೀರಿಂಗ್ ಬಿಟ್ಟುಕೊಡಲಿಲ್ಲ. ಅತ್ತಿಗೆ ಸ್ಕೂಟರಿನಲ್ಲಿ ಮುಂದೆ ಹೋಗುತ್ತಾ, ಇಲ್ಲದ ಹಾರ್ನು ಬಾರಿಸುತ್ತಾ ದಾರಿ ಬಿಡಿಸುತ್ತಿದ್ದಳು. ಮೇಷ್ಟ್ರು ತಮ್ಮ ಜಾಗದಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ರಸ್ತೆಯ ಮೇಲೆ ಕಣ್ಣಿಟ್ಟು ಕೂತಿದ್ದರು. ಹಿಂದಿನ ಸೀಟಿನಲ್ಲಿ ನಟ್ಟಕ್ಕ ಒಬ್ಬಳೇ ಇದ್ದಳು. ಅವಳಿಗೆ ಮೇಷ್ಟ್ರ ಕತ್ತಿನ ಹಿಂಭಾಗ ಕಾಣುತ್ತಿತ್ತು, ಕಿವಿಯ ತುದಿ ಕಾಣುತ್ತಿತ್ತು. ಸೇತುವೆ ಇಳಿದರು. ಡಾಕ್ಟರಮ್ಮ ಹಲ್ಲು ಕಚ್ಚಿಕೊಂಡು ಬಲಕ್ಕೆ ತಿರುಗಿದರು. ಯಾರೂ ಅವರನ್ನು ಹೊಗಳಲಿಲ್ಲ. ಯಾರಿಗೂ ಅದರ ಪರಿವೆಯೇ ಇರಲಿಲ್ಲ.

"ಮೇಷ್ಟ್ರೇ" ಎಂದಳು ನಟ್ಟಕ್ಕ.

"ಹೇಳಿ" ಎಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ.

"ಆಗ್ತೀನಿ."

ಅಂಚೆ ಕಚೇರಿ ಬಂತು, ಹೋಯಿತು. ಕಿವಿಯ ತುದಿ ಕೆಂಪಾಗುತ್ತಾ ಕೆಂಪಾಗುತ್ತಾ ಹೋಯಿತು. ಕೇಳಿಸಿತೋ ಇಲ್ಲವೋ ಎಂದು ನಟ್ಟಕ್ಕ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಡಾಕ್ಟರಮ್ಮ, ಗಾಡಿ ಪಕ್ಕಕ್ಕೆ ಹಾಕಿ."

"ಯಾಕೆ? ಈಗ ನಾನೇನು ತಪ್ಪು ಮಾಡ್ದೆ?"

"ನೀವೇನೂ ಮಾಡಿಲ್ಲ. ಎಂಜಿನ್ ಆಫ್ ಮಾಡಿ, ಕೈ ಬ್ರೇಕ್ ಎಳೀರಿ. ನಾನು ಹಿಂದಕ್ಕೆ ತಿರುಗಿ ಇವರ ಮುಖ ನೋಡ್ಬೇಕು."